ಲಾಂಗ್‌ಏಕರ್ ಟೋ ಪ್ಲೇಟ್: ತಗ್ಗಿಸಿದ ಮಿಯಾಟಾದ ಹಿಂದಿನ ಚಕ್ರಗಳಿಗೆ ಇದೊಂದೇ ಸಾಲದು

ಎರಡು ಅಲ್ಯೂಮಿನಿಯಂ ತಗಡು, ಎರಡು ಅಳತೆ ಟೇಪು. ಡಬ್ಬಿಯೊಳಗೆ ಬರುವುದು ಇಷ್ಟೇ. ತಗಡುಗಳನ್ನು ಎಡಬಲದ ಟೈರುಗಳಿಗೆ ಒರಗಿಸಿ, ಸೀಳುಗಳಲ್ಲಿ ಟೇಪು ತೂರಿಸಿ, ಚಕ್ರದ ಹಿಂದಿನ ಅಳತೆಯಿಂದ ಮುಂದಿನದನ್ನು ಕಳೆದರೆ ಟೋ, ಅಂದರೆ ಚಕ್ರಗಳ ಮುಂತುದಿ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ತಿರುಗಿದೆ ಎಂಬುದು, ಸಿಗುತ್ತದೆ. ಚಕ್ರಗಳ ಓರೆ ಸರಿಪಡಿಸುವ ಅಂಗಡಿಯ ರ‍್ಯಾಂಪ್ ಹತ್ತುವಾಗಲೇ ಬಂಪರ್ ಉಜ್ಜಿಕೊಳ್ಳುವ ತಗ್ಗು ಕಾರಿಗೆ ಈ ಸಾಧನ ಬಹಳ ಅನುಕೂಲ. ಆದರೆ 1989ರಿಂದ 2005ರವರೆಗಿನ ಮಜ್ದಾ ಮಿಯಾಟಾ ಸ್ಪೋರ್ಟ್ಸ್ ಕಾರುಗಳ ಹಿಂದಿನ ಚಕ್ರಗಳಿಗೆ ಇದನ್ನೊಂದೇ ನಂಬಿದರೆ ಮೋಸ ಹೋಗುತ್ತೀರಿ.

ಪ್ಲೇಟು ತೋರಿಸುವುದು ಎರಡೂ ಚಕ್ರಗಳ ಒಟ್ಟು ಟೋ ಮಾತ್ರ. ಎಡಚಕ್ರ 4 ಮಿ.ಮೀ. ಒಳಕ್ಕೆ, ಬಲಚಕ್ರ 1 ಮಿ.ಮೀ. ಹೊರಕ್ಕೆ ತಿರುಗಿದ್ದರೂ ಟೇಪಿನಲ್ಲಿ 3 ಮಿ.ಮೀ. ಟೋ-ಇನ್ (ಒಳಮುಖ ಟೋ) ಎಂದೇ ಬರುತ್ತದೆ. ಮುಂದಿನ ಚಕ್ರಗಳಲ್ಲಿ ಇದು ನಡೆದೀತು, ಸ್ಟೀರಿಂಗ್ ತಾನೇ ಹಂಚಿಕೊಳ್ಳುತ್ತದೆ. ಹಿಂದೆ ಹಾಗಾಗುವುದಿಲ್ಲ. ಕಾರು ಓರೆಯಾಗಿ ಓಡುತ್ತದೆ, ನೇರ ರಸ್ತೆಯಲ್ಲೂ ಸ್ಟೀರಿಂಗ್ ಸೊಟ್ಟಗಿರುತ್ತದೆ. ಹೊರಕ್ಕೆ ತಿರುಗಿದ ಚಕ್ರದ ಮೇಲೆ ಭಾರ ಬಿದ್ದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರಲು ನೋಡುತ್ತದೆ.

ಆದ್ದರಿಂದ ಜೊತೆಗೆ ದಾರ ಬೇಕು. ನಾಲ್ಕು ಸ್ಟ್ಯಾಂಡಿಟ್ಟು, ಗಾರೆಯವರು ಬಳಸುವ ನೈಲಾನ್ ದಾರವನ್ನು ಕಾರಿನ ಎರಡೂ ಬದಿಗೆ ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ಬಿಗಿಯಾಗಿ ಕಟ್ಟಿ. ಮಿಯಾಟಾದ ಹಿಂದಿನ ಟ್ರ್ಯಾಕ್ (ಎಡಬಲ ಚಕ್ರಗಳ ನಡುವಿನ ಅಂತರ) ಮುಂದಿನದಕ್ಕಿಂತ ಒಂದೂವರೆಯಿಂದ ಎರಡೂವರೆ ಸೆಂ.ಮೀ. ಅಗಲ, ಹಾಗಾಗಿ ಮುಂದೆ ಹಿಂದೆ ಒಂದೇ ಅಂತರ ಇಟ್ಟರೆ ದಾರ ಸೊಟ್ಟಗಾಗುತ್ತದೆ. ಮುಂದಿನ ಎರಡು ಹಬ್ಬುಗಳಿಂದ ದಾರಕ್ಕೆ ಒಂದೇ ಅಂತರ, ಹಿಂದಿನ ಎರಡರಿಂದ ಒಂದೇ ಅಂತರ, ಎರಡು ದಾರಗಳ ನಡುವೆ ಕೊನೆಯಿಂದ ಕೊನೆಯವರೆಗೆ ಒಂದೇ ಅಗಲ: ಈ ಮೂರೂ ಕೂಡಿಬಂದ ಮೇಲೆ ರಿಮ್ಮಿನ ಎರಡೂ ಅಂಚಿನಿಂದ ದಾರಕ್ಕೆ ಅಳೆಯಿರಿ. ಇದರಿಂದ ಎಡಬಲದ ಪಾಲು ಗೊತ್ತಾಗುತ್ತದೆ, ಒಟ್ಟು ಎಷ್ಟೆಂದು ಪ್ಲೇಟು ಖಚಿತಪಡಿಸುತ್ತದೆ.

ಟೇಪಿನ ತುದಿಯ ಕೊಕ್ಕೆ ಅರ್ಧ ಮಿ.ಮೀ. ಆಡುತ್ತದೆ. ಹಾಗಾಗಿ ಸೊನ್ನೆಯಿಂದಲ್ಲ, 100 ಮಿ.ಮೀ. ಗುರುತಿನಿಂದ ಓದಿ. ಸೀಳಿನಿಂದ ಸೀಳಿಗೆ ಎಷ್ಟಿದೆ ಎಂದು ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ, ಡಿಗ್ರಿಗೆ ತಿರುಗಿಸಲು ಅದು ಬೇಕು: 600 ಮಿ.ಮೀ. ಇದ್ದರೆ 3 ಮಿ.ಮೀ. ಎಂದರೆ ಸುಮಾರು 0.29 ಡಿಗ್ರಿ. ಟೈರಿನ ಗೋಡೆಯ ಮೇಲಿನ ಉಬ್ಬಕ್ಷರ ತಗಡನ್ನು ಎತ್ತಿ ಹಿಡಿದರೂ ಅಳತೆ ಕೆಡುತ್ತದೆ. ಕಾರನ್ನು ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆದು ಸರಾಸರಿ ತೆಗೆಯಿರಿ.

ಈಗ ತಿರುಗಿಸುವ ಕೆಲಸ. ಹಿಂದಿನ ಸಸ್ಪೆನ್ಷನ್ನಿನ ಕೆಳಗಿನ ತೋಳಿನ ಒಳತುದಿಯಲ್ಲಿ ಪ್ರತಿ ಬದಿಗೆ ಎರಡು ಕ್ಯಾಮ್ ಬೋಲ್ಟುಗಳಿವೆ, ತಿರುಗಿಸಿದರೆ ತೋಳನ್ನು ಒಳಹೊರಗೆ ಸರಿಸುವ ಬೋಲ್ಟುಗಳು. ಕ್ಯಾಂಬರ್ (ಚಕ್ರ ನೆಟ್ಟಗೆ ನಿಲ್ಲದೆ ಒಳಕ್ಕೋ ಹೊರಕ್ಕೋ ವಾಲುವ ಓರೆ), ಟೋ ಎರಡೂ ಇವುಗಳಲ್ಲೇ. ತಗ್ಗಿಸಿದಾಗ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದು) ಹೆಚ್ಚಿರುತ್ತದೆ, ಕಡಿಮೆ ಮಾಡಲು ಎರಡೂ ಬೋಲ್ಟಿನಿಂದ ತೋಳನ್ನು ಸಮನಾಗಿ ಒಳಕ್ಕೆ ಎಳೆಯಿರಿ. ಟೋ-ಇನ್ ಬೇಕಾದರೆ ಮುಂದಿನ ಬೋಲ್ಟಿನ ಕಡೆ ಒಳಕ್ಕೆ, ಹಿಂದಿನದರ ಕಡೆ ಹೊರಕ್ಕೆ. ಮೊದಲು ಕ್ಯಾಂಬರ್, ಆಮೇಲೆ ಟೋ. ತಿರುವುಮುರುವು ಮಾಡಿದರೆ ದಿನವಿಡೀ ಸುತ್ತುತ್ತಲೇ ಇರುತ್ತೀರಿ. ಮುಟ್ಟುವ ಮೊದಲು ಕ್ಯಾಮ್ ಇದ್ದ ಜಾಗಕ್ಕೆ ಬಣ್ಣದ ಗೀಟು ಹಾಕಿಡಿ. ರಸ್ತೆಯ ಓಡಾಟಕ್ಕೆ ನೆಗೆಟಿವ್ ಕ್ಯಾಂಬರ್ 1.5ರಿಂದ 2 ಡಿಗ್ರಿ, ಒಟ್ಟು 2ರಿಂದ 3 ಮಿ.ಮೀ. ಟೋ-ಇನ್, ಎಡಬಲಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಟೈರಿನ ಒಳಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ಬಯ್ಯುತ್ತಾರೆ, ಬೇಗ ತಿನ್ನುವುದು ಟೋ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಅಮೆರಿಕದ ಊರುಗಳ ಕಾರುಗಳಲ್ಲಿ ಬೋಲ್ಟು ಬುಷ್ಷಿನ (ತೋಳಿನ ಕೀಲಿನಲ್ಲಿರುವ ರಬ್ಬರ್ ಭಾಗದ) ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಅಂಟಿರುತ್ತದೆ. ಗುರುತು ಸುಲಭ: ತಿರುಗಿಸಿದರೆ ರಬ್ಬರ್ ತಿರುಚಿಕೊಂಡು, ಸ್ಪ್ಯಾನರ್ ಬಿಟ್ಟ ಕೂಡಲೇ ಹಿಂದಕ್ಕೆ ಚಿಮ್ಮುತ್ತದೆ. ಎರಡು-ಮೂರು ದಿನ ಮುಂಚಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಿರಿ. ಬಗ್ಗದಿದ್ದರೆ ಬೋಲ್ಟನ್ನು ಗರಗಸದಿಂದ ಎರಡೂ ಬದಿ ಕೊಯ್ದು, ಹೊಸ ಕ್ಯಾಮ್ ಬೋಲ್ಟಿಗೆ ಆ್ಯಂಟಿ-ಸೀಜ್ (ತುಕ್ಕು ಹಿಡಿದು ಅಂಟದಂತೆ ತಡೆಯುವ ಲೇಪ) ಸವರಿ ಹಾಕುವುದೊಂದೇ ದಾರಿ, ಬುಷ್ಷೂ ಬಹುತೇಕ ಹೊಸದೇ ಬೇಕಾಗುತ್ತದೆ.

ನೆಲ ಮಟ್ಟವಾಗಿರಬೇಕು, ನೀರು ತುಂಬಿದ ಟ್ಯೂಬ್ ಲೆವೆಲ್ಲಿನಿಂದ ನೋಡಿ. ಕಾರಿನಡಿ ಕೈ ಹೋಗದಿದ್ದರೆ ನಾಲ್ಕೂ ಚಕ್ರದಡಿ ಒಂದೇ ದಪ್ಪದ ಹಲಗೆ ಇಡಿ. ಹಿಂದಿನ ಟೈರಿನಡಿ ಮಧ್ಯೆ ಗ್ರೀಸ್ ಸವರಿದ ಎರಡು ನೆಲಹಾಸಿನ ಚೂರುಗಳಿದ್ದರೆ ಟೈರು ಸರಾಗವಾಗಿ ಸರಿಯುತ್ತದೆ. ಚಾಲಕರ ಸೀಟಿನಲ್ಲಿ ಚಾಲಕರ ತೂಕದಷ್ಟು ಮೂಟೆ ಇರಲಿ. ಕೊನೆಯ ಬಿಗಿತ ಕಾರು ಚಕ್ರದ ಮೇಲೆ ನಿಂತಿರುವಾಗಲೇ ಆಗಬೇಕು. ಜ್ಯಾಕಿನ ಮೇಲೆ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ನಟ್ಟು ಬಿಗಿಯುವಾಗ ಕ್ಯಾಮ್ ಕೊಂಚ ಸರಿಯುವುದರಿಂದ ಬಿಗಿದ ಮೇಲೆ ಕಾರನ್ನು ಒಂದಷ್ಟು ಹಿಂದೆ ಮುಂದೆ ಉರುಳಿಸಿ, ಪ್ಲೇಟು ಒರಗಿಸಿ ಮತ್ತೊಮ್ಮೆ ಓದಿ. ನೂರು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ.