ಹಾಯಿಯೂ ಹಬೆಯೂ: ‘ವಾರಿಯರ್’ ಯುದ್ಧನೌಕೆಯ ಮಾದರಿ ಕಿಟ್

ಕಳೆದ ವರ್ಷ ಜೂನ್ ತಿಂಗಳ ಮೊದಲ ವಾರದಲ್ಲಿ, ಮಲ್ಪೆಯ ಯಾಂತ್ರಿಕ ದೋಣಿಗಳೆಲ್ಲ 61 ದಿನಗಳ ಮೀನುಗಾರಿಕೆ ನಿಷೇಧಕ್ಕಾಗಿ ಬಂದರಿನಲ್ಲಿ ಒತ್ತೊತ್ತಾಗಿ ನಿಂತಿದ್ದಾಗ, ಉಡುಪಿಯ ನಮ್ಮ ಮನೆಗೆ ಒಂದು ಉದ್ದನೆಯ ಪೆಟ್ಟಿಗೆ ಬಂತು. ಬ್ರಿಟಿಷ್ ನೌಕಾಪಡೆಯ ‘ಎಚ್‌ಎಂಎಸ್ ವಾರಿಯರ್’ ಯುದ್ಧನೌಕೆಯನ್ನು 1:200 ಪ್ರಮಾಣದಲ್ಲಿ ಜೋಡಿಸುವ ಪ್ಲಾಸ್ಟಿಕ್ ಕಿಟ್ ಅದು. ದಿನವೂ ಸಂಜೆ ಒಂದೆರಡು ಗಂಟೆಯಂತೆ ಕುಳಿತು ಹನ್ನೊಂದು ತಿಂಗಳಲ್ಲಿ ಮುಗಿಸಿದ್ದೇನೆ. ನಮ್ಮ ಕರಾವಳಿಯ ಹವೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗೆ ಪ್ರಯೋಜನವಾಗಲಿ ಎಂದು, ತಯಾರಕರ ಹೆಸರನ್ನು ಬದಿಗಿಟ್ಟು, ಕಿಟ್ಟಿನ ಗುಣದೋಷಗಳನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಡಗಿನ ವಿಷಯ ಹೇಳಬೇಕು, ಏಕೆಂದರೆ ಕಿಟ್ಟನ್ನು ಅಳೆಯಬೇಕಾದದ್ದು ಅದರಿಂದಲೇ. ಫ್ರಾನ್ಸ್ 1859ರಲ್ಲಿ ‘ಗ್ಲೋರ್’ ಎಂಬ, ಮರದ ಒಡಲಿಗೆ ಕಬ್ಬಿಣದ ಹೊದಿಕೆ ಹಾಕಿದ ನೌಕೆಯನ್ನು ನೀರಿಗಿಳಿಸಿತು. ಅದಕ್ಕೆ ಉತ್ತರವಾಗಿ ಬ್ರಿಟನ್ ಒಡಲನ್ನೂ ಕಬ್ಬಿಣದಲ್ಲೇ ಕಟ್ಟಿ, 1860ರ ಡಿಸೆಂಬರ್ 29ರಂದು ಲಂಡನ್ನಿನ ಬ್ಲ್ಯಾಕ್‌ವಾಲ್‌ನಲ್ಲಿ ‘ವಾರಿಯರ್’ ಅನ್ನು ನೀರಿಗಿಳಿಸಿತು. ಸುಮಾರು 418 ಅಡಿ ಉದ್ದದ ಈ ಹಡಗಿನ ನಡುಭಾಗದ ಕವಚದಲ್ಲಿ 4.5 ಇಂಚಿನ ಕಬ್ಬಿಣದ ಹಲಗೆಗಳಿವೆ. ಅವುಗಳ ಬೆನ್ನಿಗೆ 18 ಇಂಚು ದಪ್ಪದ ಸಾಗುವಾನಿ ಮರವಿದೆ. ಕವಚದ ಕಬ್ಬಿಣವನ್ನು ಈ ಕಿಟ್ಟಿನ ಪ್ರಮಾಣಕ್ಕೆ ಇಳಿಸಿದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಸಾಗುವಾನಿಯನ್ನು ಇಳಿಸಿದರೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಹೊರಗಿನಿಂದ ಇದಾವುದೂ ಕಾಣದಿದ್ದರೂ, ಒಡಲಿನ ಎರಡು ಹೋಳುಗಳನ್ನು ಅಂಟಿಸುವಾಗ ಈ ಲೆಕ್ಕ ನನ್ನ ಮನಸ್ಸಿನಲ್ಲಿ ಓಡುತ್ತಲೇ ಇತ್ತು.

ಒಡಲಿನ ಅಚ್ಚು ನಿಜಕ್ಕೂ ಅತ್ಯುತ್ತಮವಾಗಿದೆ. ಸುಮಾರು 64 ಸೆಂಟಿಮೀಟರ್ ಉದ್ದದ ಎರಡು ಹೋಳುಗಳು ಎಲ್ಲಿಯೂ ಸೊಟ್ಟಗಾಗದೆ ಬಂದಿದ್ದು, ಕೂಡಿಸಿದಾಗ ಸಂದಿಗೆ ಪುಟ್ಟಿ ಹಚ್ಚಬೇಕಾಗಿ ಬಂದದ್ದು ಮೂತಿಯ ಕೆಳಗೆ ಒಂದು ಕಡೆ ಮಾತ್ರ. ತೋಪಿನ ಕಿಂಡಿಗಳು ಚೌಕವಾಗಿ, ಅಂಚು ಚೂಪಾಗಿ ಇವೆ. ಮೂತಿಯಲ್ಲಿ ನಿಲ್ಲುವ ಗ್ರೀಕ್ ಯೋಧನ ಪ್ರತಿಮೆ ನನ್ನ ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದು. ಭೂತಗನ್ನಡಿ ಹಿಡಿದು ನೋಡಿದರೆ ಶಿರಸ್ತ್ರಾಣದ ತುರಾಯಿ ಕೂಡ ಸ್ಪಷ್ಟವಾಗಿ ಕಾಣುತ್ತದೆ.

ನನ್ನ ಮುಖ್ಯ ಆಕ್ಷೇಪವಿರುವುದು ಹಿಂಭಾಗದಲ್ಲಿ. ‘ವಾರಿಯರ್’ ಹಬೆಯಿಂದ 14 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್), ಹಾಯಿಯಿಂದ 13 ನಾಟ್ ವೇಗದಲ್ಲಿ ಸಾಗಬಲ್ಲ ಹಡಗಾಗಿತ್ತು. ಎರಡನ್ನೂ ಕೂಡಿಸಿದಾಗ 17.5 ನಾಟ್ ಮುಟ್ಟಿದ್ದೂ ಉಂಟು. ಹಾಯಿಯೊಂದನ್ನೇ ನಂಬಿ ಹೊರಟಾಗ ಮಾತ್ರ ದೊಡ್ಡದೊಂದು ಸಿದ್ಧತೆ ಬೇಕಾಗುತ್ತಿತ್ತು. ಒಂದರೊಳಗೊಂದು ಇಳಿಯುವಂತೆ ಮಾಡಿದ್ದ ಎರಡು ಹೊಗೆಕೊಳವೆಗಳನ್ನು ತಗ್ಗಿಸಿ, ಸುಮಾರು 26 ಟನ್ ತೂಕದ ಪ್ರೊಪೆಲ್ಲರನ್ನು ನೀರಿನಿಂದ ಹಡಗಿನೊಳಕ್ಕೆ ಎತ್ತಿಕೊಳ್ಳುತ್ತಿದ್ದರು. ಇದನ್ನು ಎತ್ತಲು 600 ಜನರವರೆಗೆ ಹಗ್ಗ ಹಿಡಿದು ಎಳೆಯಬೇಕಾಗಿತ್ತು. ಮತ್ತೆ ಎಂಜಿನ್ ಹೂಡುವಾಗಿನ ಆಜ್ಞೆಯೇ ‘ಹೊಗೆಕೊಳವೆ ಮೇಲಕ್ಕೆ, ಪ್ರೊಪೆಲ್ಲರ್ ಕೆಳಕ್ಕೆ’ ಎಂದಿತ್ತು. ಹಾಯಿಯ ಯುಗ ಮುಗಿಯುತ್ತ ಹಬೆಯ ಯುಗ ಹುಟ್ಟುತ್ತಿದ್ದ ಆ ಕೆಲವೇ ದಶಕಗಳ ಹಡಗುಗಳ ಸ್ವಭಾವವೆಲ್ಲ ಈ ಒಂದು ಆಜ್ಞೆಯಲ್ಲಿದೆ.

ತಯಾರಕರಿಗೆ ಇದು ಅರ್ಧ ಗೊತ್ತಿದೆ. ಹೊಗೆಕೊಳವೆಗಳನ್ನು ಎತ್ತರದ್ದು ಒಂದು ಜೊತೆ, ತಗ್ಗಿನದ್ದು ಒಂದು ಜೊತೆ ಕೊಟ್ಟಿದ್ದಾರೆ. ಪ್ರೊಪೆಲ್ಲರನ್ನು ಮಾತ್ರ ಒಂದೇ ಜಾಗದಲ್ಲಿ, ನೀರಿನೊಳಗೆ, ಖಾಯಂ ಆಗಿ ಅಂಟಿಸಲು ಕೈಪಿಡಿ ಹೇಳುತ್ತದೆ. ನಾನೂ ಅಂಟಿಸಿಬಿಡುತ್ತಿದ್ದೆನೇನೋ. ಮಲ್ಪೆಯಲ್ಲಿ ದೋಣಿ ದುರಸ್ತಿ ಮಾಡುವ, ನಮ್ಮ ಪಕ್ಕದ ಮನೆಯ ಆಚಾರ್ರು ಒಂದು ಸಂಜೆ ಬಂದವರು ಒಡಲನ್ನು ತಿರುಗಿಸಿ ನೋಡಿ, “ಅಲ್ಲ ಮಾರಾಯ್ರೆ, ಹಾಯಿಯಲ್ಲಿ ಹೋಗುವಾಗ ಈ ಫ್ಯಾನು ನೀರಿನಲ್ಲಿ ಹಿಡಿಯುವುದಿಲ್ವಾ?” ಎಂದು ಕೇಳಿದರು. ನಾನು ಎತ್ತುವ ಏರ್ಪಾಡನ್ನು ವಿವರಿಸಿದಾಗ, “ಹಾಗಾದರೆ ಇದರಲ್ಲಿ ಎತ್ತುವ ದಾರಿ ಎಲ್ಲುಂಟು?” ಎಂದರು.

ದಾರಿ ಇರಲಿಲ್ಲ. ಹಾಯಿ ಬಿಚ್ಚಿದ ಹಡಗನ್ನೇ ಮಾಡಬೇಕೆಂದು ನಿಶ್ಚಯಿಸಿದ್ದ ನಾನು ಚುಕ್ಕಾಣಿಯ ಮುಂದಿನ ಭಾಗವನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಮೇಲ್ಗಡೆ ಪ್ಲಾಸ್ಟಿಕ್ ಪಟ್ಟಿಗಳಿಂದ ಬಾವಿಯಂಥ ಒಂದು ಗೂಡು ಕಟ್ಟಿ, ಎರಡೆಸಳಿನ ಪ್ರೊಪೆಲ್ಲರನ್ನು ಅದರ ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿದೆ. ಎಸಳು ಅಡ್ಡವಾಗಿದ್ದರೆ ಗೂಡಿನೊಳಗೆ ಹೋಗುವುದೇ ಇಲ್ಲ, ಲಂಬವಾಗಿದ್ದರೆ ಸಲೀಸಾಗಿ ಹೋಗುತ್ತದೆ; ಎತ್ತುವ ಪ್ರೊಪೆಲ್ಲರಿಗೆ ಎರಡೇ ಎಸಳು ಏಕೆ ಒಪ್ಪುತ್ತದೆ ಎಂಬುದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ. ಈ ಒಂದು ತಿದ್ದುಪಡಿಗೆ ಮೂರು ವಾರ ಹಿಡಿಯಿತು. ಹಬೆಯಲ್ಲಿ ಸಾಗುವ ಹಡಗನ್ನು, ಅಂದರೆ ಹಾಯಿ ಸುತ್ತಿಟ್ಟು ಹೊಗೆಕೊಳವೆ ಎತ್ತಿ ನಿಲ್ಲಿಸಿದ ಮಾದರಿಯನ್ನು ಮಾಡುವವರಿಗೆ ಈ ತೊಂದರೆಯಿಲ್ಲ. ಮೊದಲ ಬಾರಿಗೆ ಮಾಡುವವರು ಆ ರೂಪವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಹಗ್ಗಗಳು. ಕಿಟ್ಟಿನ ಜೊತೆ ಬರುವುದು ಕಪ್ಪು ಹತ್ತಿಯ ನೂಲಿನ ಒಂದೇ ಉಂಡೆ. ಕೂವೆಕಂಬಗಳನ್ನು ಬಿಗಿದು ನಿಲ್ಲಿಸುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದುದರಿಂದ ಅವು ಕಪ್ಪಾಗಿರಬೇಕಾದದ್ದು ಸರಿ. ಹಾಯಿಯನ್ನು ಎಳೆಯುವ, ಬಿಡುವ ಹಗ್ಗಗಳು ನಾರಿನ ಸಹಜ ಬಣ್ಣದಲ್ಲಿರಬೇಕು ಮತ್ತು ತೆಳ್ಳಗಿರಬೇಕು. ಬಣ್ಣಕ್ಕಿಂತ ದೊಡ್ಡ ಸಮಸ್ಯೆ ನಮ್ಮ ಹವೆಯದು. ಅಂಗಳದಲ್ಲಿ ಬಟ್ಟೆ ಒಣಹಾಕುವ ನೂಲಿನ ಹಗ್ಗ ಮಳೆಗೆ ನೆನೆದು ಬಿಗಿಯುವುದನ್ನೂ ಬಿಸಿಲಿಗೆ ಜೋಲುವುದನ್ನೂ ಎಲ್ಲರೂ ಕಂಡಿರುತ್ತಾರೆ. ಆಗಸ್ಟ್ ತಿಂಗಳಲ್ಲಿ ತಂತಿಯಂತೆ ಬಿಗಿಯಾಗಿ ಕಟ್ಟಿದ್ದ ಮುಂಗಂಬದ ಹಗ್ಗಗಳೆಲ್ಲ ಡಿಸೆಂಬರಿನ ಒಣಗಾಳಿಗೆ ಜೋತುಬಿದ್ದಾಗ, ಎರಡು ತಿಂಗಳ ಕೆಲಸವನ್ನು ಕತ್ತರಿಸಿ ತೆಗೆಯಬೇಕಾಯಿತು. ಅನಂತರ ಹೊಲಿಗೆ ಸಾಮಾನಿನ ಅಂಗಡಿಯಿಂದ ಕಪ್ಪು ಮತ್ತು ತಿಳಿಕಂದು ಪಾಲಿಯೆಸ್ಟರ್ ದಾರವನ್ನು ಎರಡು ದಪ್ಪಗಳಲ್ಲಿ ತಂದು, ಪ್ರತಿ ಎಳೆಯನ್ನೂ ಜೇನುಮೇಣದ ತುಂಡಿನ ಮೇಲೆ ಎಳೆದು, ನಯಮಾಡಿ ಕಟ್ಟಿದ್ದೇನೆ. ಈ ಮಳೆಗಾಲ ಅರ್ಧ ಕಳೆದರೂ ಒಂದೂ ಸಡಿಲಗೊಂಡಿಲ್ಲ.

ಅಚ್ಚೊತ್ತಿದ ಪ್ಲಾಸ್ಟಿಕ್ ಹಾಯಿಗಳು ದಪ್ಪವಾಗಿವೆ, ನಾನು ಬಳಸಲಿಲ್ಲ. ಮೂಲ ಹಡಗಿನ ಹಾಯಿಯ ವಿಸ್ತೀರ್ಣ ಸುಮಾರು 48,400 ಚದರ ಅಡಿ. 1:200ಕ್ಕೆ ಇಳಿಸಿದರೆ ಒಂದು ಕರವಸ್ತ್ರದಷ್ಟು, ಅಂದರೆ 1.2 ಚದರ ಅಡಿ ಆಗುತ್ತದೆ. ತೆಳು ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ, ಬಲ್ಬಿನ ಮೇಲೆ ಹರಡಿ ಉಬ್ಬಿಸಿ ಒಣಗಿಸಿದರೆ ಇದಕ್ಕಿಂತ ಚೆನ್ನಾದ ಹಾಯಿ ಬರುತ್ತದೆ.

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ: ಮಳೆ ಸುರಿಯುವ ದಿನ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಬೇಡಿ. ಕಪ್ಪು ಒಡಲಿನ ಮೇಲೆ ಬೂಷ್ಟು ಹಿಡಿದಂತೆ ಬಿಳಿ ಪೊರೆ ಬರುತ್ತದೆ. ಕುಂಚದಿಂದ ಹಚ್ಚುವುದು ಅಥವಾ ನವೆಂಬರಿನವರೆಗೆ ಕಾಯುವುದು ಲೇಸು. ಕೈಪಿಡಿಯ ಚಿತ್ರಗಳು ಸ್ಪಷ್ಟವಾಗಿವೆ, ಹಗ್ಗ ಕಟ್ಟುವ ಪುಟಗಳನ್ನು ಬಿಟ್ಟು.

ಆ ಪುಟಗಳಲ್ಲಿ ಗೊಂದಲವಾದಾಗ ನಾನು ಮೊರೆಹೋದದ್ದು ಮೂಲ ಹಡಗಿನ ಛಾಯಾಚಿತ್ರಗಳಿಗೆ. ‘ವಾರಿಯರ್’ ಇಂದಿಗೂ ಇದೆ. ಒಂದೂ ಯುದ್ಧ ಮಾಡದೆ ಹಳೆಯದಾದ ಅದು 1929ರಿಂದ ಐವತ್ತು ವರ್ಷ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ, ಬೇರೆ ಹಡಗುಗಳಿಗೆ ಎಣ್ಣೆ ತುಂಬುವ ಕಟ್ಟೆಯಾಗಿ ಬಿದ್ದಿತ್ತು. ಅನಂತರ ಹಾರ್ಟಲ್‌ಪೂಲ್‌ನಲ್ಲಿ ಜೀರ್ಣೋದ್ಧಾರಗೊಂಡು 1987ರಿಂದ ಪೋರ್ಟ್ಸ್‌ಮತ್‌ನಲ್ಲಿ ಪ್ರದರ್ಶನಕ್ಕಿದೆ. ಅಲ್ಲಿನ ಡೆಕ್ಕಿನ ಚಿತ್ರಗಳನ್ನು ಕೈಪಿಡಿಯ ಪಕ್ಕದಲ್ಲಿಟ್ಟುಕೊಂಡರೆ ಯಾವ ಹಗ್ಗ ಯಾವ ಗೂಟಕ್ಕೆ ಎಂಬುದು ತಿಳಿಯುತ್ತದೆ.

ಕಿಟ್ಟಿಗೆ ಸುಂಕ, ಸಾಗಾಟ ಸೇರಿ ಸುಮಾರು 9,500 ರೂಪಾಯಿ ಬಿತ್ತು. ದಾರ, ಬಣ್ಣ, ಗಾಜಿನ ಪೆಟ್ಟಿಗೆಗೆ ಇನ್ನೂ ಮೂರು ಸಾವಿರ. ಒಡಲಿನ ಅಚ್ಚಿನ ಗುಣಕ್ಕೆ ಈ ಬೆಲೆ ಹೆಚ್ಚಲ್ಲ. ಗಾಜಿನ ಪೆಟ್ಟಿಗೆಯನ್ನು ಮಾಡಿಸುವಾಗ ಹಿಂಬದಿಯ ಗಾಜು ಕೆಳಗಿನವರೆಗೂ ಬರುವಂತೆ ಹೇಳಿದ್ದೆ. ಆಚಾರ್ರು ಬಂದಾಗಲೆಲ್ಲ ಅಲ್ಲಿಯೇ ಬಗ್ಗಿ, ಗೂಡಿನೊಳಗೆ ನಿಂತ ಪ್ರೊಪೆಲ್ಲರನ್ನು ನೋಡುತ್ತಾರೆ.