ಲೈನ್ ಸ್ಪೀಡ್ ಏರಿಸಿ ದುಡ್ಡು ಕಟ್ಟುವ ಮುಂಚೆ ಫೈರ್‌ವಾಲ್ ಪೋರ್ಟಿನ ಕೌಂಟರ್ ನೋಡಿ

ತುಮಕೂರಿನ ವಸಂತನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವ ಹೊತ್ತಿಗೆ ಸರಿಯಾಗಿ ನೆಟ್‌ವರ್ಕಿನ ಮೇಲೆ ಓಡುವ ಫೋನಿನಲ್ಲಿ ಮಾತು ತುಂಡುತುಂಡಾಗುತ್ತಿತ್ತು. ನೂರು ಪಿಂಗ್ (ಉತ್ತರ ಬೇಡುವ ಪುಟ್ಟ ಪರೀಕ್ಷಾ ಸಂದೇಶ) ಕಳಿಸಿದರೆ ನಾಲ್ಕೈದು ವಾಪಸ್ ಬರುತ್ತಿರಲಿಲ್ಲ. ಇಂಟರ್‌ನೆಟ್ ಲೈನಿನವರನ್ನು ಮೂರು ಸಲ ಕರೆಸಿದರು, ಫೈಬರ್ ಮತ್ತೆ ಜೋಡಿಸಿದರು, ಕೊನೆಗೆ 200 ಎಂಬಿಪಿಎಸ್ ಇದ್ದದ್ದನ್ನು 500ಕ್ಕೆ ಏರಿಸಿದರು. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ಪ್ಯಾಕೆಟ್ (ಡೇಟಾದ ತುಣುಕು) ಬೀಳುತ್ತಿದ್ದದ್ದು, ಅಂದರೆ ಕಳೆದುಹೋಗುತ್ತಿದ್ದದ್ದು, ಸರ್ವರ್ ಕೋಣೆಯ ಲಿನಕ್ಸ್ ಫೈರ್‌ವಾಲ್‌ನ (ನೆಟ್‌ವರ್ಕಿನ ಟ್ರಾಫಿಕ್ ಸೋಸಿ ಬಿಡುವ ಡಬ್ಬಿ) ಒಳಜಾಲದ ಕಡೆಯ ಪೋರ್ಟಿನಲ್ಲಿ. ಒಂದು ವಿಲ್ಯಾನಿನಿಂದ (ಒಳಜಾಲವನ್ನು ಬೇರ್ಪಡಿಸಿ ಮಾಡಿದ ಭಾಗ) ಇನ್ನೊಂದಕ್ಕೆ ಪಿಂಗ್ ಮಾಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು, ಆ ದಾರಿಯಲ್ಲಿ ಫೈರ್‌ವಾಲ್ ಬರುತ್ತದೆ, ಹೊರಗಿನ ಲೈನ್ ಬರುವುದೇ ಇಲ್ಲ.

ಎಲ್ಲರೂ ಏಮಾರಿದ್ದು ಫೈರ್‌ವಾಲ್‌ನ ಸಿಪಿಯು ಗ್ರಾಫ್ ನೋಡಿ. ಬರೀ 25 ಪರ್ಸೆಂಟ್ ಅಂತ ಸುಮ್ಮನಾದರು. ನಾಲ್ಕು ಕೋರಿನ ಡಬ್ಬಿಯಲ್ಲಿ 25 ಅಂದರೆ ಒಂದು ಕೋರ್ ಪೂರ್ತಿ ತುಂಬಿ ಮಿಕ್ಕ ಮೂರು ಖಾಲಿ ಕೂತಿರಬಹುದು. ಟಾಪ್ (ಸಿಪಿಯು ಬಳಕೆ ತೋರಿಸುವ ಲಿನಕ್ಸ್ ಆಜ್ಞೆ) ತೆರೆದು 1 ಒತ್ತಿ, ಒಂದೊಂದು ಕೋರೂ ಬೇರೆಯಾಗಿ ಕಾಣುತ್ತದೆ. ಒಂದೇ ಕೋರಿನ 'ಎಸ್‌ಐ' (ಪ್ಯಾಕೆಟ್ ಎತ್ತುವಂಥ ಕರ್ನಲ್ ಕೆಲಸಕ್ಕೆ ಹೋಗುವ ಪರ್ಸೆಂಟ್) ನೂರರ ಹತ್ತಿರ ಇದ್ದರೆ ಇದೇ ರೋಗ. ಐದು ನಿಮಿಷದ ಸರಾಸರಿ ಗ್ರಾಫಿನಲ್ಲಿ ಕ್ಷಣದ ನುಗ್ಗು ಕಾಣುವುದೇ ಇಲ್ಲ.

ಆಮೇಲೆ ಈಥ್‌ಟೂಲ್‌ನ (ನೆಟ್‌ವರ್ಕ್ ಕಾರ್ಡಿನ ಕೌಂಟರ್, ಅಂದರೆ ಎಣಿಕೆಗಳನ್ನು ತೋರಿಸುವ ಆಜ್ಞೆ) ಅಂಕಿಅಂಶವನ್ನು ಹತ್ತು ಸೆಕೆಂಡ್ ಬಿಟ್ಟು ಎರಡು ಸಲ ತೆಗೆದು ವ್ಯತ್ಯಾಸ ನೋಡಿ. ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದವುಗಳ ಎಣಿಕೆ) ಏರುತ್ತಿದ್ದರೆ ಕೇಬಲ್, ಕನೆಕ್ಟರ್ ಅಥವಾ ಪೋರ್ಟ್ ಕೆಟ್ಟಿದೆ. 'ಮಿಸ್ಡ್', 'ನೋ ಬಫರ್', 'ಫಿಫೋ' ಏರುತ್ತಿದ್ದರೆ ಪ್ಯಾಕೆಟ್ ಕಾರ್ಡಿನವರೆಗೆ ಬಂದಿದೆ, ಎತ್ತಿಕೊಳ್ಳಲು ಸಿಪಿಯುಗೆ ಪುರಸೊತ್ತಿಲ್ಲ. ಕರ್ನಲ್ ಲಾಗಿನಲ್ಲಿ ಕಾನ್‌ಟ್ರ್ಯಾಕ್ ಟೇಬಲ್ (ನಡೆಯುತ್ತಿರುವ ಸಂಪರ್ಕಗಳ ಪಟ್ಟಿ) ತುಂಬಿದೆ ಅಂತ ಬಂದಿದ್ದರೆ ಅದು ಬೇರೆ ಕಥೆ, ಮುಂದೆ ಹೇಳುವ ಬಫರ್ ಏರಿಸಿ ಪ್ರಯೋಜನವಿಲ್ಲ.

ರಿಂಗ್ ಬಫರ್ (ಸಿಪಿಯು ಎತ್ತಿಕೊಳ್ಳುವವರೆಗೆ ಪ್ಯಾಕೆಟ್ ಕಾಯುವ ಜಾಗ) ಎಷ್ಟೋ ಕಾರ್ಡುಗಳಲ್ಲಿ 256 ಇರುತ್ತದೆ, 4096ರವರೆಗೆ ಹೋಗುತ್ತದೆ. 1024ಕ್ಕೆ ಏರಿಸಿ ನೋಡಿ. ಒಮ್ಮೆಗೇ ತುದಿಗೆ ಒಯ್ದರೆ ಸಾಲು ಉದ್ದವಾಗಿ ಕರೆಯಲ್ಲಿ ವಿಳಂಬ ಶುರುವಾಗಬಹುದು. ಬದಲಾಯಿಸುವಾಗ ಲಿಂಕ್ ಒಂದೆರಡು ಸೆಕೆಂಡ್ ಬೀಳಬಹುದು, ಶಿಫ್ಟ್ ನಡೆಯುವಾಗ ದಯವಿಟ್ಟು ಕೈ ಹಾಕಬೇಡಿ. ಕಾರ್ಡಿನಲ್ಲಿ ಒಂದಕ್ಕಿಂತ ಹೆಚ್ಚು ಕ್ಯೂ (ಪ್ಯಾಕೆಟ್ಟಿನ ಸಾಲು) ಇದ್ದರೆ ಕೋರ್‌ಗಳಿಗೆ ಹಂಚಿ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ) ಲೈನಾದರೆ ಹಲವು ಕಾರ್ಡುಗಳು ಎಲ್ಲವನ್ನೂ ಒಂದೇ ಕ್ಯೂಗೆ ಸುರಿಯುತ್ತವೆ, ಅಲ್ಲಿ ಆರ್‌ಪಿಎಸ್ (ಕರ್ನಲ್ಲೇ ಪ್ಯಾಕೆಟ್ ಕೆಲಸವನ್ನು ಕೋರ್‌ಗಳಿಗೆ ಹಂಚುವ ವ್ಯವಸ್ಥೆ) ಹಾಕಬೇಕು.

ಇಷ್ಟು ಮಾಡಿದರೂ ಆ ಕಾರ್ಖಾನೆಯಲ್ಲಿ ಡ್ರಾಪ್ (ಪ್ಯಾಕೆಟ್ ಬೀಳುವುದು) ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಬಫರ್ ತಡೆಯುವುದು ಕ್ಷಣದ ನುಗ್ಗನ್ನು ಮಾತ್ರ, ದಿನವಿಡೀ ಇರುವ ಹೊರೆಯನ್ನಲ್ಲ. ಆ ಹೊರೆ ಕ್ಯಾಮೆರಾಗಳದ್ದು. 120 ಕ್ಯಾಮೆರಾ, ಒಂದೊಂದಕ್ಕೆ 4 ಎಂಬಿಪಿಎಸ್, ಒಟ್ಟು 480. ಕ್ಯಾಮೆರಾ ಒಂದು ವಿಲ್ಯಾನಿನಲ್ಲಿ, ರೆಕಾರ್ಡರ್ ಇನ್ನೊಂದರಲ್ಲಿ. ಹಾಗಾಗಿ ಅಷ್ಟೂ ವಿಡಿಯೋ ಫೈರ್‌ವಾಲ್‌ನ ಒಂದೇ ಟ್ರಂಕ್ ಪೋರ್ಟಿನಲ್ಲಿ (ಹಲವು ವಿಲ್ಯಾನ್ ಸಾಗಿಸುವ ಪೋರ್ಟ್) ಒಳಗೆ ಬಂದು ಅದರಲ್ಲೇ ಹೊರಗೆ ಹೋಗುತ್ತಿತ್ತು. ಸಾಲದ್ದಕ್ಕೆ 'ಎಸ್ಟಾಬ್ಲಿಷ್ಡ್' ನಿಯಮ (ಆಗಲೇ ಶುರುವಾದ ಸಂಪರ್ಕದ ಪ್ಯಾಕೆಟ್ಟನ್ನು ನೇರ ಬಿಡುವುದು) ಪಟ್ಟಿಯ ಕೊನೆಯಲ್ಲಿತ್ತು, ಪ್ರತಿ ಪ್ಯಾಕೆಟ್ಟೂ ನೂರಾರು ನಿಯಮ ದಾಟಿ ಅಲ್ಲಿಗೆ ಮುಟ್ಟಬೇಕು. ಇದರ ಮೇಲೆ ಶಿಫ್ಟ್ ಹೊತ್ತಿನ ಬ್ಯಾಕಪ್.

ರೆಕಾರ್ಡರನ್ನು ಕ್ಯಾಮೆರಾಗಳ ವಿಲ್ಯಾನಿಗೇ ಹಾಕಿದರು, ಆ ನಿಯಮವನ್ನು ತಲೆಗೆ ತಂದರು, ಬ್ಯಾಕಪ್ಪನ್ನು ರಾತ್ರಿ 2ಕ್ಕೆ ದೂಡಿದರು. ಡ್ರಾಪ್ ನಿಂತಿತು. ಸರಿಯಾದ ಮೇಲೂ ಕೌಂಟರಿನಲ್ಲಿ ದೊಡ್ಡ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಡಬ್ಬಿ ಆನ್ ಆದಾಗಿನಿಂದ ಕೂಡಿದ ಲೆಕ್ಕ. ಮುಂದಿನ ಶಿಫ್ಟ್ ಹೊತ್ತಿಗೆ ಹತ್ತು ಸೆಕೆಂಡಿನ ವ್ಯತ್ಯಾಸ ಸೊನ್ನೆ ಬರಬೇಕು.