ಸನ್ಮಾನದ ಸೆಟ್ ತೆಗೆದುಕೊಳ್ಳಿ, ವಂದನಾ ಪತ್ರ ಬೇಡ

ತುಮಕೂರು ಪೇಟೆಯಲ್ಲಿ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲಾ ಸೇರಿಸಿ ಸನ್ಮಾನದ ಸೆಟ್ ಮಾಡಿಕೊಡುವ ಅಂಗಡಿಗಳು ನಾಲ್ಕಾರಿವೆ. ಅದರಲ್ಲಿ ಒಂದರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಆದ ತಪ್ಪಿನಲ್ಲಿ ನನ್ನ ಪಾಲೇ ಜಾಸ್ತಿ.

ನಾನು ನಮ್ಮ ಸಭೆಯ, ಅಂದರೆ ಚರ್ಚಿನ, ಕಮಿಟಿಯಲ್ಲಿದ್ದೇನೆ. ಜನವರಿಯಲ್ಲಿ ಗೌರಿಬಿದನೂರು ಕಡೆಯ ಒಂದು ಸಭೆಯ ವಾರ್ಷಿಕೋತ್ಸವಕ್ಕೆ ಕರೆ ಬಂತು. ಹೀಗೆ ಹೋಗುವಾಗ ನಮ್ಮ ಸಭೆಯ ಪರವಾಗಿ ವಂದನೆ ಒಯ್ಯುವುದು ರೂಢಿ. ಅವರು ಬಂದಾಗ ಅವರೂ ತರುತ್ತಾರೆ. ಒಂದು ಶಾಲು ಅಲ್ಲಿಗೆ, ಒಂದು ಶಾಲು ಇಲ್ಲಿಗೆ.

ಸೆಟ್‌ಗೆ 1,850 ರೂಪಾಯಿ ಕೊಟ್ಟೆ. ಹಣ್ಣಿನ ಬುಟ್ಟಿ ನಿಜಕ್ಕೂ ಚೆನ್ನಾಗಿತ್ತು. ಕೆಲವು ಕಡೆ ತಳಕ್ಕೆ ಪೇಪರ್ ಚೂರು ತುಂಬಿ ಮೇಲೆ ನಾಲ್ಕು ಸೇಬು ಜೋಡಿಸಿಬಿಡುತ್ತಾರೆ, ಇವರು ಹಾಗೆ ಮಾಡಿರಲಿಲ್ಲ. ಆರು ಸೇಬು, ನಾಲ್ಕು ಕಿತ್ತಳೆ, ಎರಡು ದಾಳಿಂಬೆ, ಒಂದು ಗೊಂಚಲು ದ್ರಾಕ್ಷಿ, ಒಂದೂ ಮೆತ್ತಗಾಗಿರಲಿಲ್ಲ. ಪೇಟದ ಒಳಗಿನ ರಟ್ಟು ಗಟ್ಟಿ. ಶಾಲು ಮಾತ್ರ ತೀರಾ ತೆಳು, ಚಳಿಗೆ ಹೊದೆಯಲು ಬರುವುದಿಲ್ಲ. ಯಾವ ಅಯ್ಯನವರ (ಪಾದ್ರಿಗಳ) ಮನೆಯಲ್ಲಿ ನೋಡಿದರೂ ಇಂಥ ಶಾಲುಗಳು ಬೀರು ತುಂಬಾ ಇರುತ್ತವೆ, ಅಲ್ವಾ? ಅದೇ ದುಡ್ಡಿಗೆ ಒಂದು ಒಳ್ಳೆ ಬೆಡ್‌ಶೀಟ್ ಕೊಟ್ಟರೆ ಮನೆಯವರು ಬಳಸುತ್ತಾರೆ.

ಸೆಟ್ ಜೊತೆಗೆ ಚೌಕಟ್ಟು ಹಾಕಿದ ವಂದನಾ ಪತ್ರವೂ ಬರುತ್ತದೆ. ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಮಾದರಿ ತೋರಿಸಿದ. ಮಸೀದಿ ಕಮಿಟಿಗೆ ರಂಜಾನ್ ಚಂದ್ರ, ದೇವಸ್ಥಾನದ ಟ್ರಸ್ಟಿಗೆ ಗೋಪುರ, ನಮಗೆ ಶಿಲುಬೆ. ಕೆಳಗಿನ ನಾಲ್ಕು ಸಾಲು ಮೂರಕ್ಕೂ ಒಂದೇ, ಹೆಸರು ಮಾತ್ರ ಬದಲಾಯಿಸುತ್ತಾನೆ. ನಮ್ಮ ಪತ್ರದ ಮೂರನೇ ಸಾಲಿನಲ್ಲಿ ಬದಲಾಯಿಸುವುದನ್ನು ಮರೆತಿದ್ದ, ಹಿಂದಿನ ಗಿರಾಕಿಯ ಊರಿನ ಹೆಸರೇ ಉಳಿದಿತ್ತು. ವಾಟ್ಸಾಪಿನಲ್ಲಿ ಪ್ರೂಫ್ ಕಳಿಸಿದ್ದ, ನಾನು ಓದದೆ ಓಕೆ ಅಂದಿದ್ದೆ.

ಅಲ್ಲಿ ಮೈಕ್ ಹಿಡಿದು ಓದುವಾಗ ಆ ಹೆಸರು ಬಾಯಿಗೆ ಬಂದೇಬಿಟ್ಟಿತು. ಒಂದು ಕ್ಷಣ ನಿಂತೆ. ಯಾರೂ ತಲೆ ಎತ್ತಲಿಲ್ಲ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು, ಫೋಟೋ ಆಯಿತು. ನನಗೆ ಹೊಟ್ಟೆಯೊಳಗೆ ಸಂಕಟ. ತಪ್ಪು ಊರಿನ ಹೆಸರು ಓದಿದರೂ ಗೊತ್ತಾಗುವುದಿಲ್ಲ ಅಂದರೆ, ಇಷ್ಟು ವರ್ಷ ನಾವು ಒಯ್ದದ್ದು ಏನು?

ಊಟದ ಹೊತ್ತಿಗೆ ಒಬ್ಬ ಅಜ್ಜಿ ಹತ್ತಿರ ಬಂದರು. "ತುಮಕೂರಿನವರೇನಪ್ಪಾ? ನಮ್ಮ ತಂಗಿ ಮಗಳು ನಿಮ್ಮ ಸಭೆಗೇ ಬರೋದು. ಮಂಡಿ ಆಪರೇಷನ್ ಆಯ್ತಂತೆ, ಈಗ ನಡೀತಾಳಾ?" ಹೆಸರು ಹೇಳಿದಾಗ ಗುರುತು ಸಿಕ್ಕಿತು. ಹೆಂಗಸರ ಕಡೆ ಮೂರನೇ ಬೆಂಚಿನಲ್ಲಿ ಕೂರುವವರು, ಎರಡು ತಿಂಗಳಿಂದ ಬಂದಿರಲಿಲ್ಲ. ಯಾಕೆ ಅಂತ ನಾನು ಕೇಳಿಯೇ ಇರಲಿಲ್ಲ. ಅಜ್ಜಿ ಒಂದು ಚೀಲ ಅವರೆಕಾಯಿ ಕೈಗಿಟ್ಟರು. "ಸೊಗಡು ಚೆನ್ನಾಗಿದೆ. ನಾನು ಕೇಳಿದೆ ಅಂತ ಹೇಳು."

ವಾಪಸ್ ಬರುವಾಗ ಕೊರಟಗೆರೆ ದಾಟುವವರೆಗೂ ಆ ಚೀಲ ನನ್ನ ತೊಡೆಯ ಮೇಲೇ ಇತ್ತು. ಬೈಬಲಿನಲ್ಲಿ ರೋಮಾಪುರದವರಿಗೆ ಅಪೊಸ್ತಲ ಪೌಲ ಬರೆದ ಪತ್ರದ 16ನೇ ಅಧ್ಯಾಯ ನೆನಪಾಯಿತು. "ಕ್ರಿಸ್ತನ ಸಭೆಗಳೆಲ್ಲವು ನಿಮ್ಮನ್ನು ವಂದಿಸುತ್ತವೆ" ಎನ್ನುವ ಮಾತು ಅಲ್ಲೇ ಇರುವುದು, ನಾವು ವೇದಿಕೆಯಲ್ಲಿ ಹೇಳುವುದೂ ಅದನ್ನೇ. ಆದರೆ ಆ ಮಾತಿಗೆ ಬರುವ ಮೊದಲು ಪೌಲ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಿಚಾರಿಸುತ್ತಾನೆ. ಪ್ರಿಸ್ಕ, ಅಕ್ವಿಲ ತನಗಾಗಿ ಪ್ರಾಣವನ್ನೇ ಒಡ್ಡಿದರು ಅನ್ನುತ್ತಾನೆ. ರೂಫನ ತಾಯಿ ತನಗೂ ತಾಯಿ ಅನ್ನುತ್ತಾನೆ. ಅಷ್ಟು ಜನ ಅವನ ಮನಸ್ಸಿನಲ್ಲಿದ್ದರು.

ನಮ್ಮ ಹಿರಿಯರಿಗೂ ಇದರ ಬೆಲೆ ಗೊತ್ತಿತ್ತು. ಆಗ ತುಮಕೂರು ವೆಸ್ಲಿಯನ್ ಮಿಷನ್ನಿನವರ ಕ್ಷೇತ್ರ, ಗೌರಿಬಿದನೂರು ಇರುವ ಚಿಕ್ಕಬಳ್ಳಾಪುರದ ಕಡೆ ಲಂಡನ್ ಮಿಷನ್ನಿನವರದು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದಾಗ ಎರಡೂ ಒಂದಾದವು. 1950ರಲ್ಲಿ ಬಂದ ಆರಾಧನಾ ಕ್ರಮದಲ್ಲಿ ಸಮಾಧಾನದ ವಂದನೆಯನ್ನು ಕೈಯಿಂದ ಕೈಗೆ ಕೊಡಬೇಕು ಅಂತ ಇಟ್ಟರು. ಬಲಗೈಗೆ ಬಲಗೈ ಸೇರಿಸಿ, ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚಬೇಕು. ಹಾಗೆ ಹಿಡಿದರೆ ಮುಖ ನೋಡದೆ ಇರಲಾಗುವುದಿಲ್ಲ. ಈಗ ಎಷ್ಟೋ ಕಡೆ ನಿಂತಲ್ಲೇ ಸುಮ್ನೆ ಕೈ ಮುಗಿದು ಮುಂದಕ್ಕೆ ಹೋಗುತ್ತೇವೆ.

ಅವರೆಕಾಯಿ ಅವತ್ತೇ ಸಂಜೆ ತಲುಪಿಸಿದೆ. ಆಕೆ ವಾಕರ್ ಹಿಡಿದು ಬಾಗಿಲಿಗೆ ಬಂದರು, ಚೀಲ ಬಿಚ್ಚಿ ಮೂಸಿ ನೋಡಿ, "ದೊಡ್ಡಮ್ಮಂದೇ" ಅಂದರು. ಗೌರಿಬಿದನೂರಿನ ಕಡೆ ಫೋನ್ ಹಚ್ಚಿ ನನ್ನ ಕೈಗೂ ಕೊಟ್ಟರು. ಆಮೇಲೆ ಕೂತು ಟೀ ಕುಡಿದು ಬಂದೆ.

ಅಂಗಡಿಗೆ ಐದಕ್ಕೆ ಮೂರು ಕೊಡುತ್ತೇನೆ. ಹಣ್ಣಿಗೆ ಪೂರ್ತಿ ಅಂಕ. ಹೆಸರು ತಪ್ಪಿದ್ದನ್ನು ಹೇಳಿದಾಗ ಹುಡುಗ ಮುಖ ಸಣ್ಣದು ಮಾಡಿಕೊಂಡು ಚೌಕಟ್ಟಿನ ದುಡ್ಡು ವಾಪಸ್ ಕೊಡಲು ಬಂದ, ನಾನು ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಬುಟ್ಟಿ ಮಾತ್ರ ಸಾಕು, ಜೊತೆಗೆ ಏನೂ ಮುದ್ರಿಸದ ಒಂದು ಬಿಳಿ ಕಾರ್ಡ್ ಕೊಡು ಅಂದೆ. ಇದೆ ಸಾರ್, ಹತ್ತು ರೂಪಾಯಿ ಅಂದ. ನೀವೂ ಕೇಳಿ ತೆಗೆದುಕೊಳ್ಳಿ. ಹೊರಡುವ ಹಿಂದಿನ ವಾರ ಆರಾಧನೆ ಮುಗಿದ ಮೇಲೆ, ಆ ಊರಿನಲ್ಲಿ ಯಾರಿಗೆ ಯಾರು ಬೇಕಾದವರಿದ್ದಾರೆ ಅಂತ ಕೇಳಿ ಅದರಲ್ಲಿ ಕೈಯಲ್ಲೇ ಬರೆಯಿರಿ. ಬುಟ್ಟಿಯನ್ನು ಶನಿವಾರ ಸಂಜೆಯೇ ತನ್ನಿ, ಭಾನುವಾರ ಅಂಗಡಿ ತೆಗೆಯುವುದಿಲ್ಲ.